ಮಗು ಮೂರನೇ ಕ್ಲಾಸಿಗೆ ಬಂತು: ಈ ವರ್ಷ ಏನು ನೋಡಬೇಕು, ಏನು ಬಿಡಬೇಕು

ನನ್ನ ಮಗ ಮೂರನೇ ಕ್ಲಾಸಿನಲ್ಲಿದ್ದಾಗಿನ ಮಾತು. ಆಗಸ್ಟಿನ ಒಂದು ಸಂಜೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಅವನು ಅಡುಗೆಮನೆ ಬಾಗಿಲಲ್ಲಿ ಕೂತು ಕನ್ನಡ ಪಾಠ ಓದುತ್ತಿದ್ದ. ಒಂದೂ ತಡೆಯಿಲ್ಲ, ರೈಲು ಹೋದ ಹಾಗೆ. ಖುಷಿಯಾಗಿ ತಿರುಗಿ ನೋಡಿದರೆ ಪುಸ್ತಕ ತೊಡೆಯ ಮೇಲಿದೆ, ಕಣ್ಣು ಗೋಡೆಯ ಹಲ್ಲಿಯ ಮೇಲಿದೆ. ಬಾಯಿ ಮಾತ್ರ ತನ್ನ ಪಾಡಿಗೆ ಪಾಠ ಹೇಳುತ್ತಿದೆ.

ಅಂದಿನ ಪೇಪರ್ ಕೈಗೆ ಕೊಟ್ಟು ಒಂದು ತಲೆಬರಹ ಓದು ಅಂದೆ. ‘ರಸ್ತೆ ಗುಂಡಿ ಮುಚ್ಚಲು ಜನರ ಒತ್ತಾಯ’ ಅಂತಿತ್ತು. ಅವನು ಓದಿದ್ದು ‘ರಸೆ ಗುಂಡಿ ಮುಚಲು ಜನರ ಒತಾಯ’. ಒಂದು ಒತ್ತಕ್ಷರವೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಹಿಂದಿನ ವಾರವಷ್ಟೇ ಬಂದಿದ್ದ ಪ್ರೋಗ್ರೆಸ್ ಕಾರ್ಡಿನಲ್ಲಿ ಕನ್ನಡಕ್ಕೆ ಎ ಪ್ಲಸ್!

ಮಗ ಈಗ ಐದನೇ ಕ್ಲಾಸು. ಮಗಳು ಬರುವ ಜೂನ್‌ಗೆ ಮೂರಕ್ಕೆ ಹೋಗುತ್ತಾಳೆ. ಮೊದಲ ಸಲ ನಾನು ತಡವಾಗಿ ಕಂಡುಕೊಂಡದ್ದನ್ನು ಈ ಸಲ ಮೊದಲೇ ಮಾಡಬೇಕು ಅಂತ ಬರೆದಿಟ್ಟುಕೊಂಡದ್ದು ಇದು. ನಾನು ಟೀಚರ್ ಅಲ್ಲ. ಎರಡು ಮಕ್ಕಳ ಅಮ್ಮ, ಅಷ್ಟೆ.

ಮೊದಲು, ಈ ವರ್ಷ ಬದಲಾಗುವುದೇನು ಅಂತ ತಿಳಿದುಕೊಳ್ಳಿ

ನಿಮ್ಮ ಮಗು ಯಾವ ಶಾಲೆಯಲ್ಲಿದೆ ಅನ್ನುವುದರ ಮೇಲೆ ಇದು ನಿಂತಿದೆ.

ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಾದರೆ ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಮೂರೂ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಕಾರ್ಡು, ಹಾಡು, ಆಟ, ಅಭ್ಯಾಸ ಹಾಳೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಹಾಗಾಗಿ ಎರಡನೇ ಕ್ಲಾಸಿಗೂ ಮೂರನೇ ಕ್ಲಾಸಿಗೂ ಹೊರಗಿನಿಂದ ಏನೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಕಾಣುವುದು ನಾಲ್ಕರಲ್ಲಿ. ಅಲ್ಲಿ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ, ಒಂದೇ ವೇಗ. ಏಣಿಯ ಅರ್ಧದಲ್ಲಿ ನಿಂತ ಮಗು ಕೂಡ ಜೂನ್ ಬಂದ ಕೂಡಲೇ ನಾಲ್ಕನೇ ಕ್ಲಾಸಿಗೆ ಹೋಗಿ ಕೂರಲೇಬೇಕು.

ಸಿಬಿಎಸ್ಇ ಶಾಲೆಯಾದರೆ ಬದಲಾವಣೆ ಇದೇ ವರ್ಷ. ಅಲ್ಲಿನ ಪಠ್ಯ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಲೆಕ್ಕದಲ್ಲಿ ಎರಡನೇ ಕ್ಲಾಸಿನವರೆಗೆ ಭಾಷೆ ಮತ್ತು ಗಣಿತ ಮಾತ್ರ. ಮೂರರಲ್ಲಿ ಪರಿಸರ ಅಧ್ಯಯನ ಬೇರೆ ವಿಷಯವಾಗಿ ಬರುತ್ತದೆ. 2024ರಲ್ಲಿ ಬಂದ ಹೊಸ ಪುಸ್ತಕಗಳಲ್ಲಿ ಚಿತ್ರಕಲೆ-ಸಂಗೀತಕ್ಕೂ ಆಟಕ್ಕೂ ಪ್ರತ್ಯೇಕ ಪುಸ್ತಕ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗೆರೆ ಎಳೆದಿರುವುದು ಇಲ್ಲೇ. ಎರಡನೇ ಕ್ಲಾಸಿಗೆ ಬುನಾದಿ ಹಂತ ಮುಗಿದು, ಮೂರರಿಂದ ಐದರವರೆಗೆ ಮುಂದಿನ ಹಂತ.

ಯಾವ ಶಾಲೆಯಾದರೂ ಒಂದು ಮಾತು ಒಂದೇ. ಇಲ್ಲಿಂದ ಮುಂದೆ ಮಗುವಿಗೆ ಓದಲು ಬರುತ್ತದೆ ಅಂತ ಎಲ್ಲರೂ ನಂಬಿಕೊಂಡೇ ಪಾಠ ಮಾಡುತ್ತಾರೆ. ಬರುತ್ತದೋ ಇಲ್ಲವೋ ಅಂತ ಕೂತು ಕೇಳುವವರು ಕಡಿಮೆ. ನಲವತ್ತು ಮಕ್ಕಳಿರುವ ಕ್ಲಾಸಿನಲ್ಲಿ ಟೀಚರಿಗೆ ಅಷ್ಟು ಹೊತ್ತು ಎಲ್ಲಿದೆ ಹೇಳಿ?

ಜೂನ್‌ನಲ್ಲೇ ಒಂದು ಪುಟ ಓದಿಸಿ

ಮಾರ್ಚ್‌ನಲ್ಲಿ ಅಲ್ಲ, ಜೂನ್‌ನಲ್ಲಿ. ಹತ್ತು ನಿಮಿಷದ ಕೆಲಸ.

ಮಗು ಹಿಂದೆಂದೂ ನೋಡದ ಒಂದು ಪುಟ ತೆಗೆದುಕೊಳ್ಳಿ. ಎರಡನೇ ಕ್ಲಾಸಿನ ಮಟ್ಟದ ಸಣ್ಣ ಕಥೆ ಸಾಕು. ಶಾಲೆಯ ಪಾಠ ಬೇಡ, ಅದು ಬಾಯಿಪಾಠ ಆಗಿರುತ್ತದೆ. ಪಕ್ಕದಲ್ಲಿ ಕೂತು ಜೋರಾಗಿ ಓದಿಸಿ. ನಡುವೆ ತಿದ್ದಬೇಡಿ. ಇದೇ ಕಷ್ಟ, ನಾಲಿಗೆ ತುರಿಸುತ್ತದೆ. ತಡವರಿಸಿದ ಪದಗಳನ್ನು ಸುಮ್ನೆ ಒಂದು ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿ ಎರಡು ಪ್ರಶ್ನೆ ಕೇಳಿ. ಒಂದು ಕಥೆಯಲ್ಲೇ ಇರುವ ಉತ್ತರ, ಇನ್ನೊಂದು ‘ಅವನು ಯಾಕೆ ಹಾಗೆ ಮಾಡಿದ?’ ಅನ್ನುವ ತರಹದ್ದು.

ಎಷ್ಟು ಓದಬೇಕು ಅಂತ ಅಳತೆ ಬೇಕಿದ್ದರೆ ಒಂದಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಯ ಪ್ರಕಾರ, ಮೂರನೇ ಕ್ಲಾಸು ಮುಗಿಯುವಾಗ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥವಾಗುವಂತೆ ಓದಬೇಕು. ಆದರೆ ಗಡಿಯಾರ ಹಿಡಿದು ಕೂರಬೇಡಿ. ನಮ್ಮ ಕನ್ನಡದಲ್ಲಿ ‘ಮನೆಯಲ್ಲಿದ್ದವರಿಗೆಲ್ಲ’ ಅನ್ನುವುದು ಒಂದೇ ಪದ! ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕೈದು ಪದ ಬೇಕು. ವೇಗಕ್ಕಿಂತ, ಮಗು ಅಕ್ಷರ ಅಕ್ಷರ ಬಿಡಿಸಿ ಓದುತ್ತಿದೆಯೋ ಪದವನ್ನು ಒಂದೇ ಸಲ ಹಿಡಿಯುತ್ತಿದೆಯೋ ಅನ್ನುವುದು ಮುಖ್ಯ.

ತಡವರಿಸಿದರೆ ಗಾಬರಿ ಬೇಡ, ನಿಮ್ಮ ಮಗು ಒಂಟಿ ಅಲ್ಲ. ಹಳ್ಳಿಗಳ ಮಕ್ಕಳ ಓದನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಲ್ಲಿ, ಇಡೀ ದೇಶದ ಲೆಕ್ಕಕ್ಕೆ, ಮೂರನೇ ಕ್ಲಾಸಿನ ನೂರು ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಸುಮಾರು 27 ಮಂದಿ.

ಎಲ್ಲಿ ಎಡವುತ್ತದೆ ಅಂತ ಹಿಡಿಯಿರಿ

ಚೀಟಿಯಲ್ಲಿ ಗುರುತು ಮಾಡಿದ ಪದಗಳನ್ನು ಈಗ ನೋಡಿ. ಕನ್ನಡದಲ್ಲಿ ಮಕ್ಕಳು ಎಡವುವ ಜಾಗಗಳು ಬಹಳ ಇಲ್ಲ.

ಒತ್ತಕ್ಷರವೇ ದೊಡ್ಡ ತಲೆನೋವು. ನನ್ನ ಮಗನ ಚೀಟಿಯನ್ನು ಹರಡಿಕೊಂಡು ಕೂತಾಗ ನನಗೊಂದು ವಿಷಯ ಹೊಳೆಯಿತು. ‘ಹಗ್ಗ’, ‘ಅಜ್ಜ’, ‘ಡಬ್ಬ’ ಅವನಿಗೆ ಹೇಗೋ ಬರುತ್ತಿತ್ತು. ‘ಅತ್ತೆ’, ‘ಅಣ್ಣ ಬನ್ನಿ’ ಅನ್ನುವಲ್ಲಿನ ‘ಬನ್ನಿ’, ‘ನಮ್ಮ’, ‘ಹಲ್ಲು’, ‘ಚಕ್ರ’, ‘ವಾಕ್ಯ’ ಬರುತ್ತಿರಲಿಲ್ಲ. ಯಾಕೆ ಅಂತ ಬರೆದು ನೋಡಿ, ನಿಮಗೇ ಗೊತ್ತಾಗುತ್ತದೆ. ಗ, ಜ, ಬ ಒತ್ತುಗಳು ನೋಡಲು ಅದೇ ಅಕ್ಷರಗಳು, ಗ ಮಾತ್ರ ತಲೆಕಟ್ಟು ಕಳಚಿಟ್ಟಿರುತ್ತದೆ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ದೊಡ್ಡವರಿಗೆ ಕಣ್ಣು ರೂಢಿಯಾಗಿಹೋಗಿದೆ. ಎಂಟು ವರ್ಷದ ಮಗುವಿಗೆ ಅವು ಆರು ಹೊಸ ಚಿತ್ರಗಳು.

ಹಾಗಾಗಿ ನಾವು ಆ ಆರನ್ನೇ ಹಿಡಿದುಕೊಂಡೆವು. ವಾರಕ್ಕೆ ಒಂದು ಒತ್ತು. ‘ಲ’ ಒತ್ತಿನ ವಾರದಲ್ಲಿ ಮನೆಯಲ್ಲೇ ಹುಡುಕಾಟ. ಬೆಲ್ಲದ ಡಬ್ಬಿಗೆ ‘ಬೆಲ್ಲ’ ಅಂತ ಚೀಟಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ‘ಕಲ್ಲು’, ಹಿತ್ತಲ ಬಾಗಿಲಿಗೆ ‘ಮಲ್ಲಿಗೆ’. ಬಸ್ಸಿನಲ್ಲಿ ಹೋಗುವಾಗ ಅಂಗಡಿ ಬೋರ್ಡುಗಳಲ್ಲಿ ಅದೇ ಒತ್ತು ಎಷ್ಟು ಸಿಗುತ್ತದೆ ಅಂತ ಎಣಿಸುವುದು. ಎಂಟು ವಾರ ಹಿಡಿಯಿತು, ನಡುವೆ ಹಬ್ಬ, ಜ್ವರ ಎಲ್ಲ ಸೇರಿ.

ಆಮೇಲೆ ಅರ್ಕಾವತ್ತು. ‘ಸೂರ್ಯ’ದಲ್ಲಿ ರ್ ಬಾಯಲ್ಲಿ ಮೊದಲು ಬರುತ್ತದೆ, ಬರಹದಲ್ಲಿ ಹಿಂದೆ ಬರುತ್ತದೆ. ಮಕ್ಕಳು ‘ಸೂಯರ’ ಅಂತಲೋ ‘ಸೂಯ’ ಅಂತಲೋ ಓದುತ್ತಾರೆ. ಬೈಯಬೇಡಿ, ತಪ್ಪು ಮಗುವಿನದಲ್ಲ.

ಉಕ್ತಲೇಖನದಲ್ಲಿ ಲ-ಳ, ನ-ಣ, ಸ-ಶ-ಷ, ಅ-ಹ ಅದಲುಬದಲಾದರೆ ಮನೆಯ ಮಾತು ಹೇಗಿದೆ ಅಂತ ಒಮ್ಮೆ ಕೇಳಿಸಿಕೊಳ್ಳಿ. ನಮ್ಮ ಮನೆಯಲ್ಲಿ ‘ಹಾಲು’ ‘ಆಲು’ ಆಗುವುದು ಮಾಮೂಲು. ಕೇಳಿದ ಹಾಗೆ ಬರೆಯುವ ಮಗು ಜಾಣ ಮಗುವೇ. ಬರಹದ ಮಾತು ಸ್ವಲ್ಪ ಬೇರೆ ಅಂತ ಹೇಳಿಕೊಟ್ಟರೆ ಆಯಿತು. ಅಜ್ಜಿಯ ಮಾತು ತಪ್ಪು ಅಂತ ಮಾತ್ರ ಹೇಳಬೇಡಿ.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಇನ್ನೊಂದು ಕೆಲಸ ಇದೆ. ಇಂಗ್ಲಿಷ್ ಪಾಠವನ್ನು ಚೆನ್ನಾಗಿ ಓದುತ್ತಾರೆ, ಅರ್ಥ ಕೇಳಿದರೆ ಮೌನ. ‘ಈ ಪಾಠದಲ್ಲಿ ಏನಾಯ್ತು, ಕನ್ನಡದಲ್ಲಿ ಹೇಳು’ ಅನ್ನಿ. ಹೇಳಿದರೆ ಅರ್ಥವಾಗಿದೆ. ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ಹತ್ತು ಸಲ ಓದಿಸಿ ಉಪಯೋಗವಿಲ್ಲ.

ದಿನಕ್ಕೆ ಕಾಲು ಗಂಟೆ, ಅಷ್ಟೇ

ಒಂದು ಸಾಲು ನೀವು, ಒಂದು ಸಾಲು ಮಗು. ಊಟಕ್ಕೆ ಮುಂಚೆ. ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಸ್ಟೋರಿವೀವರ್ ಜಾಲತಾಣದಲ್ಲಿ ಓದುವ ಮಟ್ಟಕ್ಕೆ ತಕ್ಕ ಹಾಗೆ ಜೋಡಿಸಿದ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 2020ರಿಂದ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಿದ್ದಾರೆ.

ಮಗು ತನಗಿಂತ ಚಿಕ್ಕ ಮಕ್ಕಳ ಪುಸ್ತಕವನ್ನೇ ಮತ್ತೆ ಮತ್ತೆ ಓದುತ್ತಿದ್ದರೆ ಓದಲಿ ಬಿಡಿ. ಒಂದೇ ಸಿನಿಮಾ ಐದು ಸಲ ನಾವೂ ನೋಡುತ್ತೇವೆ, ಅಲ್ವಾ?

ಗಣಿತ: ಸೊನ್ನೆ ಇರುವ ಕಳೆಯುವ ಲೆಕ್ಕ ಕೊಟ್ಟು ನೋಡಿ

ಈ ವರ್ಷ ಸಂಖ್ಯೆ ದೊಡ್ಡದಾಗುತ್ತದೆ. ನಿಪುಣ್ ಗುರಿಯಲ್ಲಿ 9999ರವರೆಗೆ ಓದಿ ಬರೆಯುವುದು, ಸರಳ ಗುಣಾಕಾರ ಇವೆ. ಜೊತೆಗೆ ಅರ್ಧ-ಕಾಲು, ಗಡಿಯಾರ, ದುಡ್ಡು, ಉದ್ದ-ತೂಕ. ಇಷ್ಟರಲ್ಲಿ ಮಗುವಿಗೆ ಸ್ಥಾನಬೆಲೆ ಅರ್ಥವಾಗಿದೆಯೋ ಇಲ್ಲವೋ ಅಂತ ತಿಳಿಯಲು ಒಂದೇ ಲೆಕ್ಕ ಸಾಕು: 503ರಲ್ಲಿ 267 ಕಳೆ.

ಎಷ್ಟೋ ಮಕ್ಕಳು 364 ಅಂತ ಬರೆಯುತ್ತಾರೆ. ಮೂರರಲ್ಲಿ ಏಳು ಹೋಗಲ್ಲ, ಹಾಗಾಗಿ ಏಳರಲ್ಲೇ ಮೂರು ಕಳೆದು ನಾಲ್ಕು. ಸೊನ್ನೆಯಲ್ಲಿ ಆರು ಹೋಗಲ್ಲ, ಆರನ್ನೇ ಇಳಿಸಿದರು. ಐದರಲ್ಲಿ ಎರಡು ಹೋದರೆ ಮೂರು. ಮಗು ತನ್ನದೇ ಒಂದು ನಿಯಮ ಮಾಡಿಕೊಂಡಿದೆ: ದೊಡ್ಡದರಲ್ಲಿ ಚಿಕ್ಕದು ಕಳೆ. ಇದನ್ನು ‘ಅಜಾಗರೂಕತೆ’ ಅಂತ ಬೈದು ಇನ್ನೂ ಹತ್ತು ಲೆಕ್ಕ ಕೊಟ್ಟರೆ ಹತ್ತನ್ನೂ ಅದೇ ನಿಯಮದಲ್ಲಿ ಮಾಡುತ್ತದೆ.

ದುಡ್ಡು ತೆಗೆಯಿರಿ. ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ. ನೋಟು ಇಲ್ಲದಿದ್ದರೆ ಕಾಗದದ ಚೂರಿನ ಮೇಲೆ ಬರೆದುಕೊಳ್ಳಿ. ನೀವು ಅಂಗಡಿಯವರು, ನನಗೆ 267 ಕೊಡು ಅನ್ನಿ. ಕೊಡಲು ಆಗುವುದಿಲ್ಲ, ಹತ್ತರ ನೋಟೇ ಇಲ್ಲ. ‘ಚಿಲ್ಲರೆ ಮಾಡಿಸ್ಕೋ’ ಅನ್ನಿ. ನೂರರ ಒಂದು ನೋಟು ಕೊಟ್ಟು ಹತ್ತರ ಹತ್ತು ನೋಟು. ಅದರಲ್ಲಿ ಹತ್ತರ ಒಂದು ನೋಟು ಕೊಟ್ಟು ಒಂದು ರೂಪಾಯಿಯ ಹತ್ತು ನಾಣ್ಯ. ಈಗ ಮಗುವಿನ ಕೈಯಲ್ಲಿ ನೂರರವು ನಾಲ್ಕು, ಹತ್ತರವು ಒಂಬತ್ತು, ನಾಣ್ಯ ಹದಿಮೂರು. 267 ಸಲೀಸಾಗಿ ಕೊಡುತ್ತದೆ, ಉಳಿಯುವುದು 236. ಇಷ್ಟಾದ ಮೇಲೆ ಸ್ಲೇಟಿನ ಮೇಲೆ ಅದನ್ನೇ ಬರೆಯಿಸಿ. ಪಕ್ಕದಿಂದ ‘ಸಾಲ’ ತರುವುದು ಅಂದರೇನು ಅಂತ ನನಗೂ ಆವತ್ತೇ ಸರಿಯಾಗಿ ಗೊತ್ತಾಯಿತು ಅಂತ ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮಗ್ಗಿ ಬಾಯಿಪಾಠ ಬೇಕೇ? ಬೇಕು. ‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು’ ಅಂತ ರಾಗವಾಗಿ ಹೇಳುವುದರಲ್ಲಿ ಒಂದು ಸುಖವೂ ಇದೆ. ಆದರೆ ಅದರ ಜೊತೆ ಮೊಟ್ಟೆ ಟ್ರೇ ತೋರಿಸಿ. ಆರಾರರ ಐದು ಸಾಲು, ಮೂವತ್ತು. ತಿರುಗಿಸಿ ಇಡಿ. ಐದೈದರ ಆರು ಸಾಲು, ಆಗಲೂ ಮೂವತ್ತು. ರಂಗೋಲಿ ಚುಕ್ಕಿಯಲ್ಲೂ ಇದೇ ಮಾಡಬಹುದು. ಅರ್ಧ ಮಗ್ಗಿಯ ಭಾರ ಅಲ್ಲೇ ಇಳಿಯುತ್ತದೆ.

ಇನ್ನೊಂದು ಸೂಚನೆ. ಮಾತಿನಲ್ಲಿ ಕೊಟ್ಟ ಲೆಕ್ಕ ಓದಿದ ಕೂಡಲೇ ಮಗು ‘ಕೂಡೋದಾ, ಕಳೆಯೋದಾ?’ ಅಂತ ಕೇಳಿದರೆ ತೊಂದರೆ ಗಣಿತದ್ದಲ್ಲ, ಓದಿನದು. ಲೆಕ್ಕವನ್ನು ಕಥೆಯ ತರಹ ಹೇಳಿಸಿ. ಯಾರ ಹತ್ತಿರ ಏನಿತ್ತು, ಆಮೇಲೆ ಏನಾಯ್ತು.

ಪರಿಸರ, ಪ್ರಾಜೆಕ್ಟು, ಹೋಂವರ್ಕು

ಪರಿಸರ ಅಧ್ಯಯನಕ್ಕೆ ಕೂತು ಓದಿಸುವುದು ಕಡಿಮೆ, ತಿರುಗಾಡುವುದು ಜಾಸ್ತಿ ಇರಲಿ. ಮನೆಗೆ ನೀರು ಎಲ್ಲಿಂದ ಬರುತ್ತದೆ, ಸಂತೆಗೆ ಸೊಪ್ಪು ಯಾರು ತರುತ್ತಾರೆ, ಶಾಲೆ ಮನೆಯಿಂದ ಯಾವ ದಿಕ್ಕಿಗಿದೆ. ಪಠ್ಯದಲ್ಲಿ ಇರುವುದೂ ಇವೇ. ಪ್ರಾಜೆಕ್ಟ್ ಕೊಟ್ಟಾಗ ಸ್ಟೇಷನರಿ ಅಂಗಡಿಯಿಂದ ರೆಡಿಮೇಡ್ ಚಾರ್ಟ್ ತರುವುದನ್ನು ದಯವಿಟ್ಟು ನಿಲ್ಲಿಸೋಣ. ರಾತ್ರಿ ಹನ್ನೊಂದಕ್ಕೆ ಅಪ್ಪ ಥರ್ಮಾಕೋಲ್ ಕೊಯ್ಯುತ್ತಿರುತ್ತಾರೆ, ಮಗು ನಿದ್ದೆ ಮಾಡುತ್ತಿರುತ್ತದೆ. ಸೊಟ್ಟಗಿದ್ದರೂ ಮಗುವೇ ಮಾಡಲಿ.

2020ರ ಕೇಂದ್ರದ ಶಾಲಾ ಬ್ಯಾಗ್ ನೀತಿಯ ಪ್ರಕಾರ ಮೂರರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಹೋಂವರ್ಕ್ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ದಿನಕ್ಕಲ್ಲ, ವಾರಕ್ಕೆ. ಬ್ಯಾಗಿನ ತೂಕಕ್ಕೂ ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಆದೇಶ ಮಾಡಿದೆ: ಮೂರರಿಂದ ಐದನೇ ಕ್ಲಾಸಿಗೆ 2ರಿಂದ 3 ಕಿಲೋ. ಒಮ್ಮೆ ತೂಗಿ ನೋಡಿ. ನಾನು ತೂಗಿದಾಗ ನಾಲ್ಕೂವರೆ ಇತ್ತು. ಅದರಲ್ಲಿ ನೀರಿನ ಬಾಟಲಿ ಮತ್ತು ದಾರಿಯಲ್ಲಿ ಹೆಕ್ಕಿದ ಕಲ್ಲುಗಳದ್ದೇ ಒಂದು ಕಿಲೋ!

ಕಣ್ಣು, ಗೆಳೆಯರು, ಹೊಟ್ಟೆನೋವು

ಬೋರ್ಡಿನಿಂದ ಅರ್ಧಂಬರ್ಧ ಬರೆದುಕೊಂಡು ಬರುತ್ತಿದ್ದರೆ ಮೊದಲು ಕಣ್ಣು ತೋರಿಸಿ. ಬೈಯುವುದು ಆಮೇಲೆ.

ಎಂಟು ವರ್ಷಕ್ಕೆ ಗೆಳೆತನ ಗಂಭೀರವಾಗುತ್ತದೆ. ‘ಅವಳು ನನ್ನ ಜೊತೆ ಟೂ ಬಿಟ್ಟಳು’ ಅನ್ನುವುದು ನಮಗೆ ನಗು, ಅವರಿಗೆ ಊಟ ಸೇರದಷ್ಟು ದುಃಖ. ತನ್ನನ್ನು ಪಕ್ಕದವರ ಜೊತೆ ಹೋಲಿಸಿಕೊಳ್ಳುವುದೂ ಈ ವಯಸ್ಸಿಗೇ ಶುರು. ‘ನಾನು ದಡ್ಡ’ ಅನ್ನುವ ಮಾತು ಮಗುವಿನ ಬಾಯಿಂದ ಬಂದರೆ ನಕ್ಕು ಬಿಡಬೇಡಿ, ಯಾವ ವಿಷಯದಲ್ಲಿ ಅಂತ ಕೇಳಿ. ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವಿಗೂ ಬಹಳ ಸಲ ಕಾರಣ ಅಲ್ಲೇ ಸಿಗುತ್ತದೆ.

ಟೀಚರ್ ಹತ್ತಿರ ಏನು ಕೇಳಬೇಕು

ನಮ್ಮ ಮೊದಲ ಪೋಷಕರ ಸಭೆಯಲ್ಲಿ ನನಗೆ ಸಿಕ್ಕಿದ್ದು ಎರಡು ನಿಮಿಷ. ‘ಹೇಗಿದಾನೆ ಮಿಸ್?’ ಅಂದೆ. ‘ಜಾಣ, ಸ್ವಲ್ಪ ಮಾತು ಜಾಸ್ತಿ’ ಅಂದರು. ಮುಗಿಯಿತು. ಪ್ರಶ್ನೆಯೇ ಸರಿಯಿರಲಿಲ್ಲ. ಎರಡನೇ ಸಲ ಚೀಟಿ ತೆಗೆದುಕೊಂಡು ಹೋದೆ. ‘ಮಿಸ್, ಹೊಸ ಪಾಠ ಓದಿಸಿದರೆ ಎಲ್ಲಿ ನಿಲ್ಲಿಸ್ತಾನೆ? ಲೆಕ್ಕ ತಾನೇ ಮಾಡ್ತಾನಾ, ಪಕ್ಕದವರದ್ದು ನೋಡ್ತಾನಾ? ಗೊತ್ತಿಲ್ಲ ಅಂದ್ರೆ ಕೈ ಎತ್ತಿ ಕೇಳ್ತಾನಾ?’ ಅಂತ ಕೇಳಿದೆ. ಅದೇ ಟೀಚರ್ ಹತ್ತು ನಿಮಿಷ ಮಾತಾಡಿದರು. ನಲಿ-ಕಲಿ ಶಾಲೆಯಾದರೆ ಇನ್ನೂ ಸುಲಭ. ನನ್ನ ಮಗು ಏಣಿಯಲ್ಲಿ ಯಾವ ಮೈಲಿಗಲ್ಲಿನಲ್ಲಿದೆ, ತೋರಿಸಿ ಮೇಷ್ಟ್ರೇ ಅನ್ನಿ.

ಅಂಕದ ವಿಷಯ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಎಫ್ಎ ಅಂತ ನಡುನಡುವೆ ನಾಲ್ಕು ಚಿಕ್ಕ ಮೌಲ್ಯಮಾಪನ, ಎಸ್ಎ ಅಂತ ಅರ್ಧವರ್ಷಕ್ಕೊಂದರಂತೆ ಎರಡು ದೊಡ್ಡ ಮೌಲ್ಯಮಾಪನ. ಗ್ರೇಡ್ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮೂರನೇ ಕ್ಲಾಸಿನಲ್ಲಿ ಯಾರನ್ನೂ ಫೇಲ್ ಮಾಡುವಂತಿಲ್ಲ. ಅದು ಒಳ್ಳೆಯದೇ. ಆದರೆ ಶಾಲೆ ನಿಮಗೆ ಎಚ್ಚರಿಕೆ ಗಂಟೆ ಹೊಡೆಯುವುದಿಲ್ಲ, ನೀವೇ ಕಿವಿ ಕೊಡಬೇಕು.

ಟ್ಯೂಷನ್? ನನ್ನ ಮಟ್ಟಿಗೆ ಬೇಡ. ಶಾಲೆಯಲ್ಲಿ ಅರ್ಥವಾಗದ್ದನ್ನೇ ಇನ್ನೊಂದು ಗುಂಪಿನಲ್ಲಿ ಕೂತು ಮತ್ತೆ ಬರೆಯುತ್ತಾರೆ ಅಷ್ಟೆ.

ದಸರಾ ರಜೆಯಲ್ಲಿ ಮತ್ತೊಮ್ಮೆ ನೋಡಿ

ಜೂನ್‌ನಿಂದ ದಿನಾ ಕೂತು ಓದಿಸಿಯೂ ದಸರೆ ಹೊತ್ತಿಗೆ ಮಗು ಸುಲಭ ಪದಗಳನ್ನೂ ಕೂಡಿಸಲು ಒದ್ದಾಡುತ್ತಿದ್ದರೆ, ಅಕ್ಷರ ಇವತ್ತು ಬಂದು ನಾಳೆ ಮರೆತರೆ, ಮಾತಿನಲ್ಲಿ ಚುರುಕಾಗಿದ್ದೂ ಬರಹದಲ್ಲಿ ಪೂರ್ತಿ ಸೋತರೆ, ಅದು ಸೋಮಾರಿತನ ಅಲ್ಲದಿರಬಹುದು. ಕಲಿಕಾ ನ್ಯೂನತೆ ಅನ್ನುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಇದೆ. ಅದಕ್ಕೆ ಪ್ರಮಾಣಪತ್ರ ಕೊಡುವುದು ಎಂಟು ವರ್ಷ ತುಂಬಿದ ಮೇಲೆ, ಅಂದರೆ ಸರಿಯಾಗಿ ಮೂರನೇ ಕ್ಲಾಸಿನ ಹೊತ್ತಿಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡುತ್ತಾರೆ. ‘ದೊಡ್ಡವನಾದ ಮೇಲೆ ಸರಿಹೋಗುತ್ತೆ’ ಅನ್ನುವವರ ಮಾತು ಕೇಳಿ ಎರಡು ವರ್ಷ ಕಳೆಯಬೇಡಿ.

ಏಪ್ರಿಲ್‌ನಲ್ಲಿ

ಜೂನ್‌ನಲ್ಲಿ ಮಾಡಿದ ಹಾಗೆಯೇ ಇನ್ನೊಂದು ಹೊಸ ಪುಟ ಓದಿಸಿ. ಹಳೆಯ ಚೀಟಿ ಪಕ್ಕದಲ್ಲಿ ಇಟ್ಟುಕೊಳ್ಳಿ, ಮಗುವಿಗೂ ತೋರಿಸಿ. ನನ್ನ ಮಗ ಅದನ್ನು ನೋಡಿ ‘ಇಷ್ಟೂ ಬರ್ತಿರಲಿಲ್ವಾ ನಂಗೆ?’ ಅಂತ ನಕ್ಕ. ಪಕ್ಕದ ಮನೆಯಿಂದ ನಾಲ್ಕನೇ ಕ್ಲಾಸಿನ ಪುಸ್ತಕ ತಂದು ಸುಮ್ನೆ ಹಾಲ್‌ನಲ್ಲಿ ಇಡಿ. ಓದು ಅನ್ನಬೇಡಿ. ರಜೆಯಲ್ಲಿ ಬೇಜಾರಾದಾಗ ತಾನೇ ಚಿತ್ರ ನೋಡಲು ತೆಗೆಯುತ್ತದೆ.

ಮಗಳಿಗೆ ಒತ್ತಕ್ಷರ ಪರವಾಗಿಲ್ಲ. ಅಣ್ಣನ ಚೀಟಿಗಳನ್ನು ನೋಡಿಯೇ ಅರ್ಧ ಕಲಿತಿದ್ದಾಳೆ. ಅವಳ ಜಗಳ ಗಡಿಯಾರದ ಜೊತೆ. ದೊಡ್ಡ ಮುಳ್ಳು ಮೂರರ ಮೇಲಿದ್ದರೆ ಹದಿನೈದು ನಿಮಿಷ ಯಾಕೆ, ಅಲ್ಲಿ ಬರೆದಿರೋದು ಮೂರು ಅಂತ ತಾನೇ ಅಂತ ಕೇಳುತ್ತಾಳೆ. ಐದರ ಮಗ್ಗಿ ಹೇಳಿಸಿ ತೋರಿಸಿದೆ. ‘ಹಾಗಿದ್ರೆ ಚಿಕ್ಕ ಮುಳ್ಳಿಗೆ ಯಾಕೆ ಮಗ್ಗಿ ಇಲ್ಲ?’ ಅಂದಳು. ನಾಳೆ ನೋಡೋಣ ಅಂದಿದ್ದೇನೆ.